ಇಪ್ಪತ್ತೊಂದನೇ ದಿನ ಶನಿವಾರವಾಗಿತ್ತು

ಅಮೆರಿಕದ ಫೆಡರಲ್ ಕೋರ್ಟುಗಳ ಸಿವಿಲ್ ಪ್ರಕ್ರಿಯೆಯನ್ನು ನಾನು ಓದಲು ಆರಿಸಿಕೊಂಡದ್ದಕ್ಕೆ ಕಾರಣ ಶುಕ್ರವಾರ. ಮ್ಯಾಂಚೆಸ್ಟರಿನಲ್ಲಿ ಕಾನೂನು ಓದುತ್ತಿದ್ದ ಕೊನೆಯ ವರ್ಷ, ಐಚ್ಛಿಕ ವಿಷಯಗಳ ಪಟ್ಟಿಯಲ್ಲಿ ಶುಕ್ರವಾರ ತರಗತಿಯಿಲ್ಲದ ವಿಷಯ ಅದೊಂದೇ. ಗುರುವಾರ ಸಂಜೆ ರೈಲು ಹತ್ತಿದರೆ ಬರ್ಮಿಂಗ್‌ಹ್ಯಾಮ್ ಪಕ್ಕದ ಸೊಲಿಹಲ್‌ನ ಮನೆಯಲ್ಲಿ ಅಮ್ಮ ಮಾಡಿದ ಸಾರು, ಭಾನುವಾರ ವಾಪಸು. ನನ್ನ ನ್ಯಾಯನಿಷ್ಠೆಯ ಆಳ ಇಷ್ಟು.

ಆದರೆ ಆ ಪುಸ್ತಕ ತೆರೆದ ಮೊದಲ ವಾರವೇ ನನಗೆ ಸಿಟ್ಟು ಬಂತು. ನಾನು ಬೆಳೆದದ್ದು ಚರ್ಚಾಸ್ಪರ್ಧೆಗಳಲ್ಲಿ. ಅಲ್ಲಿ ವಿಷಯ ಕೊಡುತ್ತಾರೆ, ಹದಿನೈದು ನಿಮಿಷ ತಯಾರಿ, ಏಳು ನಿಮಿಷ ಮಾತು, ಗೆದ್ದೆವೋ ಸೋತೆವೋ ಸಂಜೆಯೊಳಗೆ ಗೊತ್ತು. ಈ ಪುಸ್ತಕದಲ್ಲಿ ನೂರು ಪುಟ ದಾಟಿದರೂ ಯಾರು ಸರಿ, ಯಾರು ತಪ್ಪು ಅನ್ನುವ ಮಾತೇ ಇಲ್ಲ. ದಾವೆ ಯಾವ ಕೋರ್ಟಿನಲ್ಲಿ ಹಾಕಬೇಕು, ಸಮನ್ಸ್ ಯಾರ ಕೈಗೆ ಕೊಡಬೇಕು, ಎಷ್ಟು ದಿನದೊಳಗೆ ಜವಾಬು ಬರಬೇಕು, ಇದೇ. ಸತ್ಯ ತನ್ನ ಕಾಲ ಮೇಲೆ ತಾನು ನಿಲ್ಲಲಾರದೇ? ಅದಕ್ಕೆ ಇಷ್ಟೊಂದು ಊರುಗೋಲು ಯಾಕೆ? ಹೀಗೆ ನಾನು ಮನೆಯಲ್ಲಿ ಭಾಷಣ ಮಾಡುತ್ತಿದ್ದೆ.

ಅಪ್ಪನಿಗೆ ಮಾತ್ರ ಆ ವಿಷಯ ಬಹಳ ಹಿಡಿಸಿತು. ಅಪ್ಪ ಜಿಪಿ, ಅಂದರೆ ಬಡಾವಣೆಯ ಡಾಕ್ಟರು. ದಿನಕ್ಕೆ ಮೂವತ್ತು ಜನರನ್ನು ಹತ್ತತ್ತು ನಿಮಿಷದಲ್ಲಿ ನೋಡಿ ಕಳಿಸುವ ಮನುಷ್ಯ. ನಿಯಮ, ಗಡುವು, ಪಟ್ಟಿ ಅಂದರೆ ಪ್ರಾಣ. ಪರೀಕ್ಷೆಗೆಂದು ನಾನು ಒಂದೊಂದು ನಿಯಮವನ್ನು ಒಂದೊಂದು ಚಿಕ್ಕ ಕಾರ್ಡಿನಲ್ಲಿ ಬರೆದಿಟ್ಟುಕೊಂಡಿದ್ದೆ. ಭಾನುವಾರ ಟಿವಿಡೇಲ್‌ನ ದೇವಸ್ಥಾನಕ್ಕೆ ಹೋಗುವಾಗ ಅಮ್ಮ ಕಾರು ಓಡಿಸುವುದು, ಅಪ್ಪ ಪಕ್ಕದಲ್ಲಿ ಕೂತು ಕಾರ್ಡು ಓದುವುದು, ಹಿಂದಿನ ಸೀಟಿನಿಂದ ನಾನು ಉತ್ತರ ಹೇಳುವುದು.

"ಸಮನ್ಸ್ ಯಾರು ಮುಟ್ಟಿಸಬಹುದು?"

"ಹದಿನೆಂಟು ತುಂಬಿದ ಯಾರಾದರೂ. ಆದರೆ ಆ ದಾವೆಯಲ್ಲಿ ಅವರು ಪಕ್ಷಗಾರರಾಗಿರಬಾರದು."

"ಮುಟ್ಟಿದ ಮೇಲೆ ಜವಾಬಿಗೆ ಎಷ್ಟು ದಿನ?"

"ಇಪ್ಪತ್ತೊಂದು."

"ಕೊಡದೇ ಇದ್ದರೆ?"

"ಏಕಪಕ್ಷೀಯ ತೀರ್ಪು."

"ಭೇಷ್! ನಮ್ಮಲ್ಲೂ ಹಾಗೇ. ಹತ್ತು ನಿಮಿಷ ತಡವಾಗಿ ಬಂದರೆ ಅಪಾಯಿಂಟ್‌ಮೆಂಟ್ ಹೋಯಿತು."

"ಅದಕ್ಕೇ ಜನ ನಿಮ್ಮ ಮೇಲೆ ಕಂಪ್ಲೇಂಟ್ ಬರೆಯೋದು," ಅಂದರು ಅಮ್ಮ, ಕನ್ನಡಿ ನೋಡಿಕೊಂಡು ಲೇನ್ ಬದಲಿಸುತ್ತಾ.

ಒಂದು ಕಾರ್ಡಿನ ಬಗ್ಗೆ ಮಾತ್ರ ನಾನೂ ಅಪ್ಪನೂ ಮೋಟಾರ್‌ವೇ ಉದ್ದಕ್ಕೂ ಜಗಳವಾಡಿದ್ದೆವು. "ನನಗೆ ಸಮನ್ಸ್ ಸರಿಯಾಗಿ ಮುಟ್ಟಿಲ್ಲ" ಎಂಬ ತಕರಾರಿದ್ದರೆ ಅದನ್ನು ಮೊದಲ ಜವಾಬಿನಲ್ಲೇ ಎತ್ತಬೇಕು, ಎತ್ತದಿದ್ದರೆ ಬಿಟ್ಟುಕೊಟ್ಟಂತೆ. ಇದು ಮೂರ್ಖತನ ಅಂದೆ ನಾನು. ಬಹಳ ಸೊಗಸಾದ ನಿಯಮ ಅಂದರು ಅಪ್ಪ. ಕಾರ್ಡನ್ನು ಒಂದು ಗಳಿಗೆ ಎದೆಗೆ ಒತ್ತಿಕೊಂಡರು ಕೂಡ. ಆಗ ನಾನು ನಕ್ಕಿದ್ದೆ.

ಇನ್ನು ಆಂಟಿಯ ವಿಷಯ. ಧಾರವಾಡದ ಕಡೆಯವರು, ಕಾರ್ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ, ಸೊಲಿಹಲ್‌ನಲ್ಲಿ ನಮ್ಮ ಮನೆಯಿಂದ ನಾಲ್ಕು ರಸ್ತೆ ಆಚೆ ಮನೆ. ಶನಿವಾರ ಚರ್ಚ್ ಹಾಲಿನಲ್ಲಿ ನಮ್ಮ ಕನ್ನಡ ಬಳಗದ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಿದ್ದರು. ಎಲ್ಲರ ಜೊತೆ ಬೆಂಗಳೂರಿನ ಕನ್ನಡ, ಸಿಟ್ಟು ಬಂದಾಗ ಮಾತ್ರ ಅಪ್ಪಟ ಧಾರವಾಡ. ಇಲ್ಲೇ ಹುಟ್ಟಿದ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಅದಕ್ಕೆ ಆಂಟಿ ಕಂಡುಕೊಂಡ ಉಪಾಯ ನಾಟಕ. ಆ ವರ್ಷ ತಾವೇ ಒಂದು ಬರೆದಿದ್ದರು. ಒಂದು ರಸ್ತೆಯ ಕಸದ ಬಿನ್‌ಗಳೆಲ್ಲ ತಮ್ಮಲ್ಲಿ ಯಾರು ದೊಡ್ಡವರು ಅಂತ ಕಿತ್ತಾಡುವ ನಾಟಕ. ಒಂಬತ್ತು ಮಕ್ಕಳು, ಒಂಬತ್ತು ರಟ್ಟಿನ ಡಬ್ಬ. ಎರಡು ತಿಂಗಳಿಂದ ಮಕ್ಕಳು ಕನ್ನಡದಲ್ಲೇ ಜಗಳವಾಡುತ್ತಿದ್ದರು. ನವೆಂಬರಿನ ರಾಜ್ಯೋತ್ಸವದಲ್ಲಿ ಪ್ರದರ್ಶನ.

ಅಕ್ಟೋಬರಿನ ಆರಂಭದಲ್ಲಿ ಬಳಗದ ಸಮಿತಿ ಆ ನಾಟಕವನ್ನು ಪಟ್ಟಿಯಿಂದ ತೆಗೆದುಹಾಕಿತು. ಸೆಪ್ಟೆಂಬರ್ ಮುಗಿಯುವುದರೊಳಗೆ ಸ್ಕ್ರಿಪ್ಟ್ ಕಳಿಸಿ ಅಂದಿದ್ದರಂತೆ, ಆಂಟಿ ಕಳಿಸಲಿಲ್ಲವಂತೆ, ಆ ವೇಳೆಯನ್ನು ಎಂಜಿನಿಯರುಗಳ ಡ್ಯಾನ್ಸ್ ತಂಡಕ್ಕೆ ಕೊಟ್ಟಾಯಿತಂತೆ. ಕಳಿಸಿ ಅಂದದ್ದು ಎಲ್ಲಿ? ಬಳಗದ ಫೋನ್ ಗ್ರೂಪಿನಲ್ಲಿ. ಆಂಟಿ ಆ ಗ್ರೂಪ್ ಬಿಟ್ಟು ಎರಡು ತಿಂಗಳಾಗಿತ್ತು. ದಿನಾ ಬೆಳಿಗ್ಗೆ ಕಮಲದ ಹೂವಿನ ಜೊತೆ ಶುಭೋದಯ ಹೇಳುವ ನಲವತ್ತು ಜನರನ್ನು ಸಹಿಸಲಾರದೆ ಬಿಟ್ಟಿದ್ದರು.

ಸಮಿತಿಯ ಅಧ್ಯಕ್ಷರು ನಮ್ಮಪ್ಪ.

"ಈ ವರ್ಷ ಸ್ಟೇಜ್ ಇಲ್ಲ ಅಂದರೆ ಆ ಮಕ್ಕಳು ಜನವರಿಗೆ ಕ್ಲಾಸಿಗೇ ಬರಲ್ಲ ಕಣೇ," ಅಂದರು ಆಂಟಿ. "ನಾನೂ ಬರಲ್ಲ. ನೀನು ಚೆನ್ನಾಗಿ ಮಾತಾಡ್ತೀಯಲ್ಲ, ನಿಮ್ಮಪ್ಪನ ಹತ್ತಿರ ಮಾತಾಡು."

ಇಂಥ ಆಹ್ವಾನಕ್ಕಾಗಿ ನಾನು ಹುಟ್ಟಿದಾಗಿನಿಂದ ಕಾಯುತ್ತಿದ್ದೆ.

ಅಪ್ಪ ಊಟಕ್ಕೆ ಕೂತಾಗ ಶುರು ಮಾಡಿದೆ. "ದಾವೆ ಹೂಡಿದ್ದೂ ನೀವೇ, ತೀರ್ಪು ಕೊಟ್ಟದ್ದೂ ನೀವೇ. ಇದ್ಯಾವ ನ್ಯಾಯ?"

"ಹಾಗಾದರೆ ನಿನ್ನ ಅಮೆರಿಕದ ನಿಯಮದ ಪ್ರಕಾರವೇ ಆಗಲಿ, ಲಾಯರಮ್ಮ." ಅಪ್ಪನ ಕಣ್ಣು ಮಿಂಚಿತು. "ಸಮಿತಿ ವಾದಿ, ಡ್ರಾಮಾ ಮೇಡಂ ಪ್ರತಿವಾದಿ. ಜಡ್ಜ್ ಯಾರು?"

ಇಬ್ಬರೂ ಅಮ್ಮನ ಕಡೆ ನೋಡಿದೆವು. ಅಮ್ಮ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು, ಯಾವ ಸಮಿತಿಯಲ್ಲೂ ಇಲ್ಲ.

"ಆಗಲಿ," ಅಂದರು ಅಮ್ಮ. "ವಾದ ಉದ್ದವಾದರೆ ಇಬ್ಬರನ್ನೂ ಮಲಗಿಸೋದು ನನಗೆ ಗೊತ್ತು."

"ಫೆಡರಲ್ ಜಡ್ಜುಗಳ ಅವಧಿ ಎಷ್ಟು?" ಅಪ್ಪ ಕೇಳಿದರು.

"ಜೀವಾವಧಿ."

"ಅದು ಮದುವೆ ದಿನವೇ ಆಗಿಹೋಗಿದೆ," ಅಂತ ಅಪ್ಪ ಮೊಸರು ಬಡಿಸಿಕೊಂಡರು.

ಅಮ್ಮ ಎರಡು ಆದೇಶ ಕೊಟ್ಟರು. ಒಂದು, ಕಾಗದಪತ್ರವೆಲ್ಲ ಕೈಗೇ ಕೊಡಬೇಕು, ಗ್ರೂಪು, ಇಮೇಲು ನಡೆಯುವುದಿಲ್ಲ, ಈ ರಗಳೆ ಶುರುವಾದದ್ದೇ ಅದರಿಂದ. ಎರಡು, ಕಾರ್ಯಕ್ರಮದ ಪಟ್ಟಿ ಅಚ್ಚಿಗೆ ಹೋಗುವುದು ಅಕ್ಟೋಬರಿನ ಕೊನೆಯ ಸೋಮವಾರ ಸಂಜೆ, ಅಷ್ಟರಲ್ಲಿ ಎಲ್ಲ ಮುಗಿಯಬೇಕು.

ಆ ಶನಿವಾರವೇ ಮೂರು ಪುಟದ ಜವಾಬು ಬರೆದು ಅಪ್ಪನ ಕೈಗಿಟ್ಟೆ. ಏನು ಬರೆದೆ ಅಂತೀರಿ! ಪರನೆಲದ ಮಕ್ಕಳ ಬಾಯಲ್ಲಿ ತಾಯ್ನುಡಿ, ಕಸದ ಬಿನ್ ಎಂಬ ರೂಪಕದ ಸಾಮಾಜಿಕ ಅರ್ಥ, ಸಿನಿಮಾ ಡ್ಯಾನ್ಸಿನ ಟೊಳ್ಳುತನ. ಓದಿದವರು ಅಳಬೇಕು, ಹಾಗಿತ್ತು.

ಮುಂದಿನ ಶನಿವಾರ ನಮ್ಮ ಅಡುಗೆಮನೆಯ ಮೇಜಿನ ಸುತ್ತ ವಿಚಾರಣೆ. ಆಂಟಿ ನನ್ನ ಪಕ್ಕ, ಅಪ್ಪ ಎದುರಿಗೆ, ಅಮ್ಮ ಬೀನ್ಸ್ ಸೋಸುತ್ತಾ ತುದಿಯಲ್ಲಿ.

ಅಪ್ಪ ಎದ್ದು ನಿಂತರು. "ಮೊದಲನೆಯದಾಗಿ ನ್ಯಾಯವ್ಯಾಪ್ತಿ. ಪಕ್ಷಗಾರರು ಬೇರೆ ಬೇರೆ ರಾಜ್ಯದವರಾಗಿರಬೇಕು. ನಾನು ಮೈಸೂರು, ಮೇಡಂ ಧಾರವಾಡ, ಅದು ಬೇಕಾದರೆ ಒಪ್ಪೋಣ. ಆದರೆ ವ್ಯಾಜ್ಯದ ಮೌಲ್ಯ ಎಪ್ಪತ್ತೈದು ಸಾವಿರ ಡಾಲರಿಗಿಂತ ಹೆಚ್ಚಿರಬೇಕು. ಒಂಬತ್ತು ರಟ್ಟಿನ ಡಬ್ಬಕ್ಕೆ ಅಷ್ಟೆಲ್ಲಿ ಬರುತ್ತೆ?"

"ಡಾಕ್ಟ್ರೇ, ಮಕ್ಕಳು ಆಡೋ ಮಾತಿಗೆ ಬೆಲೆ ಕಟ್ತೀರೇನು?" ಅಂದರು ಆಂಟಿ.

"ತಿರಸ್ಕರಿಸಲಾಗಿದೆ. ಕೂತ್ಕೊಳ್ರೀ," ಅಂದರು ಅಮ್ಮ.

ನಾನು ಏಳು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಅಪ್ಪನ ಉತ್ತರ ಎರಡೇ ಪದ: "ಸ್ಕ್ರಿಪ್ಟ್ ಬರಲಿಲ್ಲ." ಆಗ ನಾನು ಕೊನೆಗೆಂದು ಕಾದಿಟ್ಟಿದ್ದ ಬಾಣ ಬಿಟ್ಟೆ. ಸ್ಪರ್ಧೆಗಳಲ್ಲಿ ಬಲವಾದದ್ದನ್ನು ಕೊನೆಗೇ ಇಡುವುದು ನನ್ನ ಅಭ್ಯಾಸ. "ಬರಲಿಲ್ಲ, ಯಾಕೆಂದರೆ ಕೇಳಿದ್ದೇ ಅವರಿಗೆ ಗೊತ್ತಿಲ್ಲ! ಅವರು ಗ್ರೂಪಿನಲ್ಲೇ ಇರಲಿಲ್ಲ! ನೋಟಿಸೇ ಮುಟ್ಟದವರ ಮೇಲೆ ತೀರ್ಪು ಹೇಗೆ ಕೊಡುತ್ತೀರಿ?"

ಅಪ್ಪ ಗಾಬರಿಯಾಗಲಿಲ್ಲ. ಅಂಗಿಯ ಜೇಬಿನಿಂದ ಒಂದು ಕಾರ್ಡು ತೆಗೆದು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ನನ್ನದೇ ಅಕ್ಷರ. ಮುಟ್ಟಿಲ್ಲವೆಂಬ ತಕರಾರನ್ನು ಮೊದಲ ಜವಾಬಿನಲ್ಲೇ ಎತ್ತಬೇಕು, ಎತ್ತದಿದ್ದರೆ ಬಿಟ್ಟುಕೊಟ್ಟಂತೆ.

"ಮೂರು ಪುಟ ಓದಿದ್ದೇನೆ, ಪುಟ್ಟಿ. ಬಿನ್ನಿನ ರೂಪಕ ಇದೆ. ನೋಟಿಸಿನ ಮಾತು ಎಲ್ಲಿದೆ, ತೋರಿಸು."

ಇರಲಿಲ್ಲ.

ಆಂಟಿ ನನ್ನನ್ನೂ ಅಪ್ಪನನ್ನೂ ಬದಲಿಸಿ ಬದಲಿಸಿ ನೋಡಿದರು. "ಅಂದ್ರ? ನನಗ ತಿಳಿಸದ ಇದ್ದದ್ದು ತಪ್ಪಲ್ಲ. ತಿಳಿಸಿಲ್ಲಂತ ಇಕಿ ಮೊದಲ ಬರೀಲಿಲ್ಲಲ್ಲ, ಅದು ತಪ್ಪು. ಹೌದಿಲ್ಲೋ?"

"ಅಮೆರಿಕದಲ್ಲಿ ಹಾಗೇ, ಆಂಟಿ."

"ಸುಡ್ಲಿ ನಿಮ್ಮ ಅಮೆರಿಕಾ! ಸೊಲಿಹಲ್‌ದಾಗ ಕುಂತು ಇದೇನು ಹಚ್ಚೀರಿ?"

ಅಮ್ಮ ಬೀನ್ಸಿನ ನಾರು ಒಟ್ಟು ಮಾಡುತ್ತಾ, "ಅಚ್ಚಿಗೆ ಹೋಗೋ ದಿನದವರೆಗೆ ಫೈಲ್ ತೆರೆದಿರುತ್ತೆ. ಆಮೇಲೆ ಆದೇಶ," ಅಂದರು. ಆ ದನಿಯಲ್ಲೇ ಗೊತ್ತಾಯಿತು, ಆದೇಶ ಯಾವ ಕಡೆ ಹೋಗಲಿದೆ ಅಂತ.

ಅದರ ಮುಂದಿನ ಶನಿವಾರ ನಾಚಿಕೆಯಿಂದಲೇ ಚರ್ಚ್ ಹಾಲಿಗೆ ಹೋದೆ. ಆಂಟಿ ಮಕ್ಕಳಿಗೆ ಏನೂ ಹೇಳಿರಲಿಲ್ಲ, ತಾಲೀಮು ನಡೆದೇ ಇತ್ತು. ಕಂದು ಬಣ್ಣದ ಬಿನ್ ಆಗಿದ್ದವಳು ಏಳು ವರ್ಷದ ಹುಡುಗಿ, ಅಮ್ಮನಿಗೂ ಕನ್ನಡದಲ್ಲಿ ಉತ್ತರ ಕೊಡದವಳು. ರಟ್ಟಿನೊಳಗಿಂದ ತಲೆ ಹೊರಹಾಕಿ ಕಿರುಚಿದಳು: "ಒಳಗೆ ಏನಿದೆ ಅಂತ ನೋಡದೇ ಮುಚ್ಚಳ ಹಾಕಬೇಡಿ!" ಆಮೇಲೆ ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ, ನಿಜವಾದ ಸ್ಟೇಜಿಗೆ ಮೈಕ್ ಕೊಡುತ್ತಾರಾ ಅಂತ ಕೇಳಿದಳು. ಕೊಡ್ತಾರೆ ಅಂದೆ. ಚರ್ಚಾಪಟುವಾಗಿ ನಾನು ಆಧಾರವಿಲ್ಲದೆ ಎಷ್ಟೋ ಹೇಳಿದ್ದೇನೆ, ಕೇಳಿದವರ ಮುಖ ನೋಡಲಾಗದೆ ಹೇಳಿದ್ದು ಅದೊಂದೇ ಸಲ.

ಕೊನೆಯ ಶನಿವಾರ ನಾನು ಲೀಡ್ಸ್‌ನಲ್ಲಿದ್ದೆ, ಸ್ಪರ್ಧೆಯಿತ್ತು. ವಿಷಯ: ಬಸ್ಸುಗಳನ್ನು ಎಲ್ಲರಿಗೂ ಉಚಿತ ಮಾಡಬೇಕೇ. ಮಧ್ಯಾಹ್ನದ ಬಿಡುವಿನಲ್ಲಿ ಚಿಪ್ಸ್ ತಿನ್ನುತ್ತಾ ಸೋಮವಾರದ ತರಗತಿಗೆ ಓದಬೇಕಿದ್ದ ಅಧ್ಯಾಯ ತೆರೆದೆ. ತಿದ್ದುಪಡಿ. ಜವಾಬು ಕೊಟ್ಟ ಇಪ್ಪತ್ತೊಂದು ದಿನದೊಳಗೆ ಅದನ್ನು ಒಂದು ಸಲ, ಯಾರ ಅನುಮತಿಯೂ ಇಲ್ಲದೆ ತಿದ್ದಿಕೊಳ್ಳಬಹುದು. ಮೊದಲು ಮರೆತಿದ್ದ ಆ ತಕರಾರನ್ನು ಈ ತಿದ್ದುಪಡಿಯಲ್ಲಿ ಸೇರಿಸಿದರೆ ಬಿಟ್ಟುಕೊಟ್ಟಂತಾಗುವುದಿಲ್ಲ!

ಬೆರಳಲ್ಲಿ ದಿನ ಎಣಿಸಿದೆ. ಕೊಟ್ಟ ದಿನವನ್ನು ಬಿಟ್ಟು ಎಣಿಸಬೇಕು. ಮತ್ತೆ ಎಣಿಸಿದೆ. ಇಪ್ಪತ್ತೊಂದನೇ ದಿನ ಅವತ್ತೇ. ಫೋನಿನಲ್ಲಿ ನೋಡಿದರೆ ಬರ್ಮಿಂಗ್‌ಹ್ಯಾಮ್ ಕಡೆಯ ಸಂಜೆಯ ರೈಲುಗಳೆಲ್ಲ ರದ್ದು.

ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮಾ, ಒಂದು ತಿದ್ದುಪಡಿ ಇದೆ. ಫೋಟೋ ತೆಗೆದು ಕಳಿಸಲಾ?"

"ಕೈಗೆ ಕೊಡಬೇಕು ಅಂತ ಆದೇಶ ಇದೆ."

"ಅಮ್ಮಾ, ನಾನು ನಿನ್ನ ಮಗಳು!"

"ಅದಕ್ಕೇ ಇನ್ನೂ ಕಟ್ಟುನಿಟ್ಟು. ಊಟ ಆಯ್ತಾ?"

ಹತಾಶೆಯಲ್ಲಿ ಪುಟ ಮಗುಚಿದೆ. ನಾನು ಇಡೀ ಪುಸ್ತಕದಲ್ಲಿ ಅತ್ಯಂತ ಬೋರು ಅಂತ ಬಿಟ್ಟಿದ್ದ ನಿಯಮ ಅಲ್ಲಿತ್ತು, ದಿನ ಎಣಿಸುವ ನಿಯಮ. ಅವಧಿಯ ಕೊನೆಯ ದಿನ ಶನಿವಾರವೋ ಭಾನುವಾರವೋ ರಜಾದಿನವೋ ಆಗಿದ್ದರೆ, ಅವಧಿ ಮುಂದಿನ ಕೆಲಸದ ದಿನದವರೆಗೆ ಮುಂದುವರಿಯುತ್ತದೆ. ಅಂದರೆ ಸೋಮವಾರ! ಉಳಿದ ಚಿಪ್ಸನ್ನು ಎದುರು ತಂಡದವರಿಗೆ ಹಂಚಿದೆ. ಬಸ್ಸಿನ ಚರ್ಚೆಯಲ್ಲಿ ಸೋತೆವು. ನನ್ನ ಜೊತೆಗಾರ್ತಿ ಮುಖ ಊದಿಸಿಕೊಂಡಿದ್ದಳು, ನಾನು ಹಾಡು ಗುನುಗುತ್ತಿದ್ದೆ. ರಾತ್ರಿ ಅವಳ ಕೋಣೆಯಲ್ಲೇ ಉಳಿದೆ. ಆ ಗುನುಗನ್ನು ಅವಳು ಇನ್ನೂ ಕ್ಷಮಿಸಿಲ್ಲ.

ಭಾನುವಾರ ಬೆಳಿಗ್ಗೆಯ ರೈಲಿನಲ್ಲಿ ಬರ್ಮಿಂಗ್‌ಹ್ಯಾಮ್, ಅಲ್ಲಿಂದ ಬಸ್ಸಿನಲ್ಲಿ ಟಿವಿಡೇಲ್. ಅಪ್ಪ, ಅಮ್ಮ, ಆಂಟಿ ಮೂವರೂ ದರ್ಶನ ಮುಗಿಸಿ ಕ್ಯಾಂಟೀನಿನಲ್ಲಿದ್ದರು. ಅಪ್ಪನ ಒಂದು ಕೈಯಲ್ಲಿ ಪುಳಿಯೋಗರೆ, ಇನ್ನೊಂದರಲ್ಲಿ ಕಾಫಿ.

"ತಿದ್ದುಪಡಿ ಮಾಡಿದ ಜವಾಬು," ಅಂತ ಕಾಗದ ಚಾಚಿದೆ.

"ಕೈ ಖಾಲಿ ಇಲ್ಲ."

ಪುಳಿಯೋಗರೆ ತಟ್ಟೆಯ ಅಡಿಗೆ ಸಿಕ್ಕಿಸಿದೆ. ಅಪ್ಪ ನಿಂತಲ್ಲೇ ತಲೆ ವಾಲಿಸಿ ಓದಿದರು. ಈ ಸಲ ಒಂದೇ ಸಾಲು: ಪ್ರತಿವಾದಿಗೆ ನೋಟಿಸ್ ಮುಟ್ಟಿಲ್ಲ.

"ಚೆನ್ನಾಗಿದೆ. ಆದರೆ ಅವಧಿ ನಿನ್ನೆಗೇ ಮುಗಿಯಿತು. ನಾನೂ ಎಣಿಸುತ್ತಿದ್ದೆ."

"ನಿನ್ನೆ ಯಾವ ವಾರ, ಅಪ್ಪ?" ರೈಲಿನಲ್ಲಿ ಬರೆದ ಹೊಸ ಕಾರ್ಡನ್ನು ಅವರ ಕನ್ನಡಕದ ಮುಂದೆ ಹಿಡಿದೆ.

ಅಪ್ಪ ಎರಡು ಸಲ ಓದಿದರು. "ಇದು ಮೋಸ. ಈ ಕಾರ್ಡು ನನಗೆ ಕೊಟ್ಟಿರಲೇ ಇಲ್ಲ!"

"ನನ್ನ ಹತ್ತಿರವೂ ಇರಲಿಲ್ಲ. ನಿನ್ನೆ ಓದಿದ್ದು."

"ತಿದ್ದುಪಡಿ ಸ್ವೀಕರಿಸಲಾಗಿದೆ," ಅಂದರು ಅಮ್ಮ ಹಪ್ಪಳ ಮುರಿಯುತ್ತಾ. "ಮುಂದೇನು?"

ಮುಂದೆ, ಅಂತಿಮ ವಿಚಾರಣೆಗೆ ಮೊದಲು ಎರಡೂ ಕಡೆಯವರು ತಮ್ಮ ಹತ್ತಿರ ಇರುವುದನ್ನೆಲ್ಲ ಎದುರಿನವರಿಗೆ ತೆರೆದು ತೋರಿಸಬೇಕು. ಚರ್ಚಾಸ್ಪರ್ಧೆಯಲ್ಲಿ ಇಂಥದ್ದು ಕನಸಿನಲ್ಲೂ ಇಲ್ಲ. ಅಲ್ಲಿ ಎದುರಿನವರಿಗೆ ಗೊತ್ತಿಲ್ಲದ್ದೇ ನಮ್ಮ ಬಂಡವಾಳ. ಅಮ್ಮ ಕೈ ಚಾಚಿದರು. "ಇಬ್ಬರೂ ಫೋನ್ ಕೊಡಿ."

ಮೊದಲು ಅಪ್ಪನ ಫೋನು. ಗ್ರೂಪಿನಲ್ಲಿ ಹಿಂದೆ ಹಿಂದೆ ಹೋದೆವು. ಸೆಪ್ಟೆಂಬರಿನ ಆ ನೋಟಿಸು ಒಂದು ಕಮಲದ ಹೂವಿಗೂ, ಬರ್ಮಿಂಗ್‌ಹ್ಯಾಮಿನಲ್ಲಿ ತಾಜಾ ಕರಿಬೇವು ಎಲ್ಲಿ ಸಿಗುತ್ತದೆ ಅನ್ನುವ ಪ್ರಶ್ನೆಗೂ ನಡುವೆ ಸಿಕ್ಕಿಕೊಂಡಿತ್ತು. ಅದರ ಕೆಳಗೆ ಅಪ್ಪನೇ ಬರೆದಿದ್ದರು: "ಡ್ರಾಮಾ ಮೇಡಂ ಗ್ರೂಪಿನಲ್ಲಿಲ್ಲ. ಯಾರಾದರೂ ಫೋನ್ ಮಾಡಿ ತಿಳಿಸಿ." ಅದಕ್ಕೆ ಹನ್ನೊಂದು ಹೆಬ್ಬೆರಳು.

"ಹನ್ನೊಂದು ಜನ ಹೆಬ್ಬೆರಳು ಎತ್ತಿದ್ದಾರೆ," ಅಂದರು ಅಮ್ಮ. "ಒಬ್ಬರಾದರೂ ಫೋನ್ ಎತ್ತಿದರಾ?"

ನಾನು ಗೆದ್ದೆ ಅಂದುಕೊಂಡೆ. ಆಗ ಆಂಟಿಯ ಫೋನು ಮೇಜಿಗೆ ಬಂತು. ಅದೇ ವಾರ ಮೂರು ಮಿಸ್ಡ್ ಕಾಲ್. ಮೂರೂ ಅಪ್ಪನವು.

ಅಪ್ಪ ಕಾಫಿ ಕೆಳಗಿಟ್ಟರು. "ನಾನೇ ಮಾಡಿದ್ದೆ. ಮೂರು ಸಲ. ನೀವು ಬೇಕಂತಲೇ ಎತ್ತಲಿಲ್ಲ ಅಂದುಕೊಂಡೆ, ಮೇಡಂ. ಅದಕ್ಕೇ ನನಗೂ ಸ್ವಲ್ಪ... ಬೇಜಾರಾಗಿತ್ತು."

ಆಂಟಿಯ ಮುಖ ಕೆಂಪಾಯಿತು. "ಬೇಕಂತಲೇ ಎತ್ತಲಿಲ್ಲ, ಖರೆ. ನೀವು ನಮ್ಮ ಜಿಪಿ ಅಲ್ರೀ! ಆಗಷ್ಟೇ ನಿಮ್ಮಲ್ಲೇ ಕೊಲೆಸ್ಟೆರಾಲ್ ಟೆಸ್ಟಿಗೆ ರಕ್ತ ಕೊಟ್ಟಿದ್ದೆ. ಬಯ್ಯಾಕ ಮಾಡ್ಯಾರ ಅಂತ ತಿಳಕೊಂಡೆ. ಗಣೇಶನ ಹಬ್ಬದಾಗ ಹನ್ನೆರಡು ಕರಿಗಡಬು ತಿಂದಿದ್ದೆ."

"ರಿಸಲ್ಟಿಗೆ ನಾನ್ಯಾಕೆ ನನ್ನ ಸ್ವಂತ ಫೋನಿಂದ ಮಾಡಲಿ? ಅದಕ್ಕೆ ರಿಸೆಪ್ಷನ್ ಇದೆ!"

"ಹೆದರಿದವರಿಗೆ ಅದೆಲ್ಲ ಹೊಳೀತದೇನ್ರೀ?"

ಅಮ್ಮ ಮೊದಲು ನಕ್ಕರು. ಆಮೇಲೆ ಪಕ್ಕದ ಮೇಜಿನವರೂ ತಿರುಗಿ ನೋಡುವಷ್ಟು ಎಲ್ಲರೂ.

ನಾನು ಎದ್ದು ನಿಂತು, ಎತ್ತದ ಕರೆ ನೋಟಿಸ್ ಮುಟ್ಟಿಸಿದಂತೆ ಆಗುವುದಿಲ್ಲ, ಆದ್ದರಿಂದ ನಮ್ಮ ತಕರಾರು ಈಗಲೂ... ಅಂತ ಶುರು ಮಾಡಿದೆ. "ಸಾಕು, ಕೂತ್ಕೊ," ಅಂದರು ಅಮ್ಮ. ಕೂತೆ. ಕೂತ ಮೇಲೆ ಹೊಳೆಯಿತು: ಮೂರು ಪುಟ ಬರೆಯುವ ಮೊದಲು ನಾನು ಆಂಟಿಯನ್ನು ಒಂದೇ ಒಂದು ಪ್ರಶ್ನೆ ಕೇಳಿರಲಿಲ್ಲ. ಅಪ್ಪನನ್ನೂ ಕೇಳಿರಲಿಲ್ಲ. ಇಬ್ಬರ ಜೇಬಿನಲ್ಲೂ ಉತ್ತರವಿತ್ತು.

ಇಂಥ ದಾವೆಗಳಲ್ಲಿ ಹೆಚ್ಚಿನವು ವಿಚಾರಣೆಯವರೆಗೆ ಹೋಗುವುದೇ ಇಲ್ಲ, ಎಲ್ಲ ತೆರೆದಿಟ್ಟ ಮೇಲೆ ರಾಜಿಯಾಗುತ್ತವೆ ಅಂತ ಪುಸ್ತಕ ಹೇಳುತ್ತದೆ. ಪುಸ್ತಕ ಹೇಳಿದ್ದನ್ನೆಲ್ಲ ನಾನು ನಂಬುವವಳಲ್ಲ, ಇದನ್ನು ಕಣ್ಣಾರೆ ಕಂಡೆ. ಆದರೆ ಒಂದು ತೊಡಕಿತ್ತು. ಡ್ಯಾನ್ಸಿನವರು ಆಗಲೇ ಬಟ್ಟೆ ಹೊಲಿಸಿದ್ದರು, ಅವರಿಂದ ವೇಳೆ ಕಿತ್ತುಕೊಂಡರೆ ನಾಳೆ ಅವರದೊಂದು ದಾವೆ. ಹಾಲ್ ಖಾಲಿ ಮಾಡುವ ಗಂಟೆ ನಿಗದಿಯಾಗಿತ್ತು. ನಾಟಕಕ್ಕೆ ಇಪ್ಪತ್ತು ನಿಮಿಷ ಬೇಕು.

ಅಪ್ಪನ ಜೇಬಿನಲ್ಲಿದ್ದ ಕಾರ್ಯಕ್ರಮದ ಪಟ್ಟಿ ಬಿಡಿಸಿ ಅಮ್ಮ ಅದರ ಮೇಲೆ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು. "ಅಧ್ಯಕ್ಷರ ಭಾಷಣ. ಇಪ್ಪತ್ತೈದು ನಿಮಿಷ."

"ಅದು ಪ್ರತಿವರ್ಷ ಇರೋದೇ," ಅಂದರು ಅಪ್ಪ ಬೇಗನೆ.

"ಪ್ರತಿವರ್ಷ ಜನ ಆಗಲೇ ಎದ್ದು ಟೀ ಕುಡಿಯೋಕೆ ಹೋಗೋದೂ ಇರೋದೇ."

ಅಪ್ಪ ನನ್ನ ಕಡೆ ನೋಡಿದರು. ಸಹಾಯಕ್ಕೆ. ನಾನು ಕಾರ್ಡುಗಳ ಕಟ್ಟಿನಿಂದ ಎಲ್ಲಕ್ಕಿಂತ ಹಳೆಯದನ್ನು ತೆಗೆದುಕೊಟ್ಟೆ. ದಾವೆಯಲ್ಲಿ ಹೇಳುವುದನ್ನು ಚಿಕ್ಕದಾಗಿ, ನೇರವಾಗಿ ಹೇಳಬೇಕು.

"ಅಪೀಲು?" ಅಂತ ಕೇಳಿದರು ಅಪ್ಪ.

"ಒಪ್ಪಿ ಮಾಡಿಕೊಂಡ ರಾಜಿಗೆ ಅಪೀಲಿಲ್ಲ, ಅಪ್ಪ."

ಅವರು ತಣ್ಣಗಾದ ಪುಳಿಯೋಗರೆ ತಿಂದು ಮುಗಿಸಿದರು. ಆಮೇಲೆ ಪೆನ್ ತೆಗೆದು ಇಪ್ಪತ್ತೈದನ್ನು ತಾವೇ ಹೊಡೆದುಹಾಕಿ ಐದು ಅಂತ ಬರೆದರು. ಸೋಮವಾರ ಪಟ್ಟಿ ಅಚ್ಚಿಗೆ ಹೋಯಿತು. ಅದಕ್ಕೆ ಮೊದಲೇ ಆಂಟಿ ಸ್ಕ್ರಿಪ್ಟನ್ನು ಅಪ್ಪನ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೊಟ್ಟು, ತಲುಪಿದೆ ಅಂತ ಸಹಿ ಹಾಕಿಸಿಕೊಂಡು ಹೋಗಿದ್ದರು.

ರಾಜ್ಯೋತ್ಸವದ ದಿನ ನಾನು ರಂಗದ ಪಕ್ಕ ನಿಂತಿದ್ದೆ, ಒಂಬತ್ತು ಡಬ್ಬಗಳ ಟೇಪು ಹಚ್ಚುವ ಕೆಲಸ ನನ್ನದು. ಅಪ್ಪ ಮೈಕಿನ ಮುಂದೆ ಬಂದರು. ಮೊದಲ ಸಾಲಿನಲ್ಲಿ ಅಮ್ಮ ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಜನ ಅಭ್ಯಾಸದಂತೆ ಟೀ ಕಡೆ ಏಳುತ್ತಿದ್ದರು.

"ಎಲ್ಲರಿಗೂ ನಮಸ್ಕಾರ. ನಮ್ಮ ಮಕ್ಕಳು ಕನ್ನಡದಲ್ಲಿ ಜಗಳವಾಡುವುದನ್ನು ಕಲಿತಿದ್ದಾರೆ. ನೋಡಿ," ಅಂದು ಅಪ್ಪ ಮೈಕನ್ನು ಸ್ಟ್ಯಾಂಡಿನಿಂದ ಬಿಡಿಸಿಕೊಂಡು ಬಂದರು. ಎದ್ದವರು ಏನಾಯಿತೆಂದು ತಿಳಿಯದೆ ಮತ್ತೆ ಕೂತರು. ಐದರಲ್ಲಿ ನಾಲ್ಕೂವರೆ ನಿಮಿಷ ಉಳಿದಿತ್ತು. ಅಪ್ಪನಿಗೆ ಅಷ್ಟು ಚಪ್ಪಾಳೆ ಬಿದ್ದದ್ದನ್ನು ಅದುವರೆಗೆ ನಾನು ಕಂಡಿರಲಿಲ್ಲ.

ಮರೆಗೆ ಬಂದ ಅಪ್ಪ ಕಂದು ಬಿನ್ನಿನ ಹುಡುಗಿಯ ಸೊಟ್ಟ ಮುಚ್ಚಳ ನೆಟ್ಟಗೆ ಮಾಡಿ, ಕೈಯಲ್ಲಿದ್ದ ಮೈಕನ್ನು ಅವಳಿಗೆ ಕೊಟ್ಟರು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಹೋದಳು.

"ಡಾಕ್ಟ್ರೇ," ಆಂಟಿ ಪಿಸುಗುಟ್ಟಿದರು, "ಮುಂದಿನ ವರ್ಷದ ಸ್ಕ್ರಿಪ್ಟ್ ಯಾವಾಗ ಕೊಡಬೇಕು?"

"ನೋಟಿಸ್ ಕೈಗೇ ತಂದುಕೊಡ್ತೀನಿ, ಮೇಡಂ. ಸೋಮವಾರ ರಿಸೆಪ್ಷನ್ನಿಗೆ ಫೋನ್ ಮಾಡಿ. ಕೊಲೆಸ್ಟೆರಾಲ್ ಜಾಸ್ತಿನೇ ಇದೆ."